ಜಾನುವಾರುಗಳ ಬ್ಯಾಕ್ಟೀರಿಯಾಗಳಲ್ಲಿ ಪ್ರತಿಜೀವಕ ಪ್ರತಿರೋಧದ ಜೀನ್‌ಗಳನ್ನು ಪತ್ತೆಮಾಡುವ ಕ್ರಮ

ಹಸು, ಹಂದಿ, ಕುರಿ ಅಥವಾ ಕೋಳಿಯ ಕರುಳಿನಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾ ಒಂದು ಔಷಧಕ್ಕೆ ಬಗ್ಗುತ್ತಿಲ್ಲವೆಂದು ತಿಳಿದ ಮೇಲೆ, ಅದಕ್ಕೆ ಕಾರಣವಾದ ಜೀನ್ ಯಾವುದೆಂದು ಹುಡುಕುವುದು ಇಂದು ಮೊದಲಿನಷ್ಟು ಕಷ್ಟದ ಕೆಲಸವಲ್ಲ. ಡಿಎನ್‌ಎ ಅನುಕ್ರಮವನ್ನು ಓದಿಸಿ ದತ್ತಕೋಶಕ್ಕೆ ಹೋಲಿಸಿದರೆ ಕೆಲವೇ ನಿಮಿಷಗಳಲ್ಲಿ ಜೀನ್‌ಗಳ ಪಟ್ಟಿ ಕೈಗೆ ಬರುತ್ತದೆ. ಆದರೆ ಆ ಪಟ್ಟಿಯೇ ಉತ್ತರವಲ್ಲ. ಪ್ರತಿರೋಧ ಜೀವಂತ ಕೋಶದಲ್ಲಿ ನಿಜವಾಗಿ ಕಾಣುತ್ತಿದೆಯೇ, ಅದನ್ನು ಕೊಡುತ್ತಿರುವ ಜೀನ್ ಅಥವಾ ಉತ್ಪರಿವರ್ತನೆ ಯಾವುದು, ಆ ಜೀನ್ ವರ್ಣತಂತುವಿನಲ್ಲಿದೆಯೋ ಪ್ಲಾಸ್ಮಿಡ್‌ನಲ್ಲಿದೆಯೋ (ವರ್ಣತಂತುವಿನಿಂದ ಪ್ರತ್ಯೇಕವಾಗಿರುವ ಚಿಕ್ಕ ಡಿಎನ್‌ಎ ವೃತ್ತ), ಅದರ ಅಕ್ಕಪಕ್ಕದಲ್ಲಿ ಇನ್ನಾವ ಜೀನ್‌ಗಳಿವೆ, ಅದು ಮತ್ತೊಂದು ಕೋಶಕ್ಕೆ ದಾಟಬಲ್ಲದೇ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ದೊರೆತಾಗ ಮಾತ್ರ ಪ್ರತಿರೋಧದ ಆನುವಂಶಿಕ ನೆಲೆ ತಿಳಿಯಿತೆಂದು ಹೇಳಬಹುದು. ಸೂಕ್ಷ್ಮಜೀವಿಶಾಸ್ತ್ರದ ಮೂಲಪಾಠಗಳನ್ನು ಬಲ್ಲ ವಿದ್ಯಾರ್ಥಿಗಳು ಮತ್ತು ಪಶುವೈದ್ಯಕೀಯ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರು ಈ ಪ್ರಶ್ನೆಗಳನ್ನು ಒಂದೊಂದಾಗಿ ಹೇಗೆ ಬಿಡಿಸಬೇಕೆಂಬುದನ್ನು ಮುಂದೆ ವಿವರಿಸಿದ್ದೇನೆ. ಉದಾಹರಣೆಗೆ ಮುಖ್ಯವಾಗಿ ಇ. ಕೋಲೈಯನ್ನು ಆರಿಸಿಕೊಂಡಿದ್ದೇನೆ, ಏಕೆಂದರೆ ಅದು ಬಹುತೇಕ ಎಲ್ಲ ಸಾಕುಪ್ರಾಣಿಗಳ ಕರುಳಿನಲ್ಲೂ ಸಿಗುತ್ತದೆ, ಸುಲಭವಾಗಿ ಬೆಳೆಯುತ್ತದೆ, ಮತ್ತು ಪ್ರತಿರೋಧದ ಜೀನ್‌ಗಳನ್ನು ಬೇಗನೆ ಪಡೆದು ಬೇಗನೆ ಹಂಚುತ್ತದೆ.

ಮಾದರಿ ಸಂಗ್ರಹಕ್ಕೆ ಮುನ್ನ

ಮೊದಲು ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಬೇಕು. ಒಂದು ಹಿಂಡಿನ ಇ. ಕೋಲೈಗಳಲ್ಲಿ ಎಷ್ಟು ಪಾಲು ಸೆಫಟಾಕ್ಸಿಮ್ ಎಂಬ ಸೆಫಲೋಸ್ಪೋರಿನ್ ಗುಂಪಿನ ಪ್ರತಿಜೀವಕಕ್ಕೆ ಪ್ರತಿರೋಧ ತೋರುತ್ತದೆ ಎಂಬುದು ಒಂದು ಪ್ರಶ್ನೆ. ಸೆಫಟಾಕ್ಸಿಮ್‌ಗೆ ಬಗ್ಗದ ಇ. ಕೋಲೈ ಆ ಹಿಂಡಿನಲ್ಲಿ ಇದೆಯೇ ಇಲ್ಲವೇ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಔಷಧ ಬೆರೆಸದ ಮಾಧ್ಯಮದಲ್ಲಿ ಬೆಳೆಸಿ, ಕಣ್ಣಿಗೆ ಕಂಡ ಕಾಲನಿಯನ್ನು ಯಾದೃಚ್ಛಿಕವಾಗಿ ಆರಿಸಬೇಕು. ಎರಡನೆಯದಕ್ಕೆ ಔಷಧ ಬೆರೆಸಿದ ಮಾಧ್ಯಮವನ್ನೇ ಬಳಸಬೇಕು. ಈ ಎರಡು ವಿಧಾನಗಳ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಬೆರೆಸಿದರೆ, ನೂರರಲ್ಲಿ ಒಂದೆರಡು ಕೋಶಗಳಲ್ಲಿದ್ದ ಪ್ರತಿರೋಧ ಇಡೀ ಹಿಂಡನ್ನು ಆವರಿಸಿದಂತೆ ತೋರುತ್ತದೆ.

ಸಗಣಿಯನ್ನು ನೆಲದಿಂದ ಎತ್ತುವುದಕ್ಕಿಂತ ಗುದದ್ವಾರದಿಂದ ಸ್ವ್ಯಾಬ್ ಮೂಲಕ ತೆಗೆಯುವುದು, ಅಥವಾ ವಧೆಯ ಬಳಿಕ ಸೀಕಮ್‌ನ, ಅಂದರೆ ದೊಡ್ಡ ಕರುಳಿನ ಆರಂಭದ ಚೀಲದ, ಒಳವಸ್ತುವನ್ನು ಪಡೆಯುವುದು ಉತ್ತಮ, ಏಕೆಂದರೆ ನೆಲದ ಸಗಣಿಯಲ್ಲಿ ಯಾವ ಪ್ರಾಣಿಯ ಬ್ಯಾಕ್ಟೀರಿಯಾ ಎಷ್ಟಿದೆಯೆಂದು ಹೇಳಲಾಗದು. ಸ್ವ್ಯಾಬನ್ನು ಕ್ಯಾರಿ-ಬ್ಲೇರ್ ಸಾಗಣೆ ಮಾಧ್ಯಮದಲ್ಲಿಟ್ಟು, ತಂಪಾಗಿ ಕಾಪಾಡಿ, ಸಾಧ್ಯವಾದರೆ ಒಂದು ದಿನದೊಳಗೆ ಪ್ರಯೋಗಾಲಯಕ್ಕೆ ತಲುಪಿಸಬೇಕು. ಒಂದೇ ಕೊಟ್ಟಿಗೆಯ ಇಪ್ಪತ್ತು ಪ್ರಾಣಿಗಳಿಂದ ಪಡೆದ ಇಪ್ಪತ್ತು ಪ್ರತ್ಯೇಕಗಳು (ಬೇರ್ಪಡಿಸಿ ಬೆಳೆಸಿದ ಬ್ಯಾಕ್ಟೀರಿಯಾಗಳು) ಎಷ್ಟೋ ಬಾರಿ ಒಂದೇ ತಳಿಯ ಪ್ರತಿಗಳಾಗಿರುತ್ತವೆ. ಆದ್ದರಿಂದ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಪ್ರಾಣಿಗಿಂತ ಹಿಂಡನ್ನು ಘಟಕವಾಗಿ ಹಿಡಿಯುವುದು ಸುರಕ್ಷಿತ. ಸಾಧನಗಳು ಸೀಮಿತವಾಗಿದ್ದರೆ ಕಡಿಮೆ ಹಿಂಡುಗಳಿಂದ ಹೆಚ್ಚು ಮಾದರಿ ತೆಗೆಯುವುದಕ್ಕಿಂತ ಹೆಚ್ಚು ಹಿಂಡುಗಳಿಂದ ಕೆಲವೇ ಮಾದರಿ ತೆಗೆಯುವುದು ಲೇಸು.

ಮಾದರಿಯ ಜೊತೆಯಲ್ಲೇ ಸಂಗ್ರಹಿಸಬೇಕಾದದ್ದು ಔಷಧ ಬಳಕೆಯ ದಾಖಲೆ. ಪ್ರಾಣಿಯ ವಯಸ್ಸು, ಕಳೆದ ತಿಂಗಳುಗಳಲ್ಲಿ ಕೊಟ್ಟ ಔಷಧ, ಪ್ರಮಾಣ, ದಿನಗಳು, ಅದನ್ನು ಚುಚ್ಚುಮದ್ದಾಗಿ ಒಂದು ಪ್ರಾಣಿಗೆ ಕೊಟ್ಟದ್ದೋ ನೀರಿನಲ್ಲಿ ಅಥವಾ ಮೇವಿನಲ್ಲಿ ಬೆರೆಸಿ ಎಲ್ಲಕ್ಕೂ ಕೊಟ್ಟದ್ದೋ ಎಂಬ ವಿವರ, ಮೇವಿನಲ್ಲಿ ಸತು ಅಥವಾ ತಾಮ್ರದ ಲವಣಗಳನ್ನು ಸೇರಿಸಲಾಗಿತ್ತೇ ಎಂಬ ಮಾಹಿತಿ, ಇವೆಲ್ಲವೂ ಬೇಕು. ಈ ದಾಖಲೆಯನ್ನು ನಂತರ ಕೇಳಿದರಾಯಿತೆಂದು ಬಿಟ್ಟರೆ ಅದು ಬಹುತೇಕ ಸಿಗುವುದಿಲ್ಲ. ಲೋಹದ ಲವಣಗಳ ಬಗ್ಗೆ ಏಕೆ ಕೇಳಬೇಕೆಂಬುದು ಕೊನೆಯ ಭಾಗದಲ್ಲಿ ಸ್ಪಷ್ಟವಾಗುತ್ತದೆ.

ಬೇರ್ಪಡಿಸುವಿಕೆ ಮತ್ತು ಗುರುತಿಸುವಿಕೆ

ಸೆಫಲೋಸ್ಪೋರಿನ್ ಪ್ರತಿರೋಧವನ್ನು ಹುಡುಕುವಾಗ 1 ಗ್ರಾಂ ಮಾದರಿಯನ್ನು 9 ಮಿಲಿಲೀಟರ್ ಬಫರ್ಡ್ ಪೆಪ್ಟೋನ್ ನೀರಿನಲ್ಲಿ ಬೆರೆಸಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಬೆಳೆಸಿ, ಅನಂತರ ಲೀಟರಿಗೆ 1 ಮಿಲಿಗ್ರಾಂ ಸೆಫಟಾಕ್ಸಿಮ್ ಇರುವ ಮ್ಯಾಕ್‌ಕಾಂಕಿ ಅಗರ್‌ನ ಮೇಲೆ ಗೀರಬೇಕು. ಇ. ಕೋಲೈಗಾಗಿ ಈ ತಟ್ಟೆಯನ್ನು 44 ಡಿಗ್ರಿಯಲ್ಲಿಟ್ಟರೆ ಇತರ ಅನೇಕ ಕರುಳಿನ ಬ್ಯಾಕ್ಟೀರಿಯಾಗಳು ಹಿಂದೆ ಬೀಳುತ್ತವೆ. ಲ್ಯಾಕ್ಟೋಸನ್ನು ಹುದುಗಿಸಿ ಗುಲಾಬಿ ಬಣ್ಣ ತಾಳಿದ ಕಾಲನಿಯನ್ನು ಎತ್ತಿ, ಔಷಧವಿರುವ ತಟ್ಟೆಯ ಮೇಲೆಯೇ ಮತ್ತೆರಡು ಬಾರಿ ಗೀರಿ ಶುದ್ಧಗೊಳಿಸಬೇಕು. ಒಂದೇ ಬಾರಿ ಗೀರಿದ ಕಾಲನಿಯ ಅಡಿಯಲ್ಲಿ, ಔಷಧದ ಕಾರಣದಿಂದ ಬೆಳೆಯದಿದ್ದರೂ ಸಾಯದೆ ಉಳಿದ ಬೇರೆ ಬ್ಯಾಕ್ಟೀರಿಯಾ ಇರಬಹುದು, ಮತ್ತು ಅದು ಮುಂದೆ ಜೀನೋಮ್ ಓದಿದಾಗ ತಲೆ ಎತ್ತಿ ಎರಡು ಜೀವಿಗಳ ಜೀನ್‌ಗಳನ್ನು ಒಂದೇ ಜೀವಿಯದೆಂದು ತೋರಿಸುತ್ತದೆ. ಗುರುತಿಸಲು ಇಂಡೋಲ್ ಪರೀಕ್ಷೆ, ಅಥವಾ ಇದ್ದಲ್ಲಿ ಪ್ರೋಟೀನ್‌ಗಳ ತೂಕದಿಂದ ಜೀವಿಯನ್ನು ಗುರುತಿಸುವ ಮಾಲ್ಡಿ-ಟಾಫ್ ಯಂತ್ರ ಸಾಕು.

ಕ್ಯಾಂಪೈಲೋಬ್ಯಾಕ್ಟರ್ ಬೇಕಾದವರು ಕಡಿಮೆ ಆಮ್ಲಜನಕದ ವಾತಾವರಣ ಮತ್ತು 42 ಡಿಗ್ರಿಯ ಹತ್ತಿರದ ತಾಪವನ್ನು ಒದಗಿಸಬೇಕು. ಕೆಚ್ಚಲು ಬಾವಿನ ಹಾಲಿನಿಂದ ಸ್ಟ್ಯಾಫಿಲೋಕಾಕಸ್ ಹುಡುಕುವವರಿಗೆ ರಕ್ತದ ಅಗರ್ ಬೇಕು. ಜೀವಿ ಯಾವುದೇ ಇರಲಿ, ಕೆಲಸ ಎರಡನೇ ಹಂತದ ಜೈವಿಕ ಸುರಕ್ಷತೆಯ ಕೊಠಡಿಯಲ್ಲಿ ನಡೆಯಬೇಕು, ಮತ್ತು ಬಳಸಿದ ತಟ್ಟೆಗಳೆಲ್ಲ ಆಟೋಕ್ಲೇವ್ ಆಗದೆ ಹೊರಗೆ ಹೋಗಬಾರದು.

ಔಷಧ ಸಂವೇದನೆಯ ಪರೀಕ್ಷೆ

ಜೀನ್ ಹುಡುಕುವ ಅವಸರದಲ್ಲಿ ಈ ಹಂತವನ್ನು ಸರಿಯಾಗಿ ಮಾಡದವರ ಮುಂದಿನ ಕೆಲಸವೆಲ್ಲ ಅಸ್ಥಿರವಾದ ತಳಹದಿಯ ಮೇಲೆ ನಿಲ್ಲುತ್ತದೆ. ಔಷಧ ತುಂಬಿದ ಡಿಸ್ಕ್‌ನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯವನ್ನು ಅಳೆಯುವ ಡಿಸ್ಕ್ ವಿಧಾನದಲ್ಲಿ 4 ಮಿಲಿಮೀಟರ್ ದಪ್ಪದ ಮ್ಯುಲರ್-ಹಿಂಟನ್ ಅಗರ್, 0.5 ಮ್ಯಾಕ್‌ಫರ್ಲ್ಯಾಂಡ್ ಮಬ್ಬಿನ ಬ್ಯಾಕ್ಟೀರಿಯಾ ದ್ರಾವಣ, 35 ಡಿಗ್ರಿಯಲ್ಲಿ 16ರಿಂದ 20 ಗಂಟೆಗಳ ಕಾವು ಎಂಬ ನಿಯಮಗಳನ್ನು ಚಾಚೂತಪ್ಪದೆ ಪಾಲಿಸಬೇಕು. ದ್ರಾವಣ ಸಿದ್ಧವಾದ 15 ನಿಮಿಷದೊಳಗೆ ತಟ್ಟೆಗೆ ಹಚ್ಚಬೇಕು, ಹಚ್ಚಿದ 15 ನಿಮಿಷದೊಳಗೆ ಡಿಸ್ಕ್ ಇಡಬೇಕು, ಇಟ್ಟ 15 ನಿಮಿಷದೊಳಗೆ ತಟ್ಟೆ ಇನ್‌ಕ್ಯುಬೇಟರ್ ಸೇರಬೇಕು. ಪ್ರತಿ ಸಲವೂ ಎಟಿಸಿಸಿ 25922 ಎಂಬ ನಿಯಂತ್ರಣ ತಳಿಯನ್ನು ಜೊತೆಗೆ ಪರೀಕ್ಷಿಸಿ, ಅದರ ವಲಯ ಮಿತಿಯೊಳಗಿದ್ದರೆ ಮಾತ್ರ ಆ ದಿನದ ಓದನ್ನು ನಂಬಬೇಕು. ಈ ಪರೀಕ್ಷೆಯ ನಿಯಮಗಳನ್ನು ರೂಪಿಸುವ ಐರೋಪ್ಯ ಸಮಿತಿಯಾದ ಯುಕಾಸ್ಟ್‌ನ ನಿಯಮದಲ್ಲಿ ಸೆಫಟಾಕ್ಸಿಮ್ ಡಿಸ್ಕ್‌ನಲ್ಲಿರುವುದು 5 ಮೈಕ್ರೋಗ್ರಾಂ, ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆಯ ನಿಯಮದಲ್ಲಿ 30 ಮೈಕ್ರೋಗ್ರಾಂ. ಒಂದರ ಡಿಸ್ಕ್ ಇಟ್ಟು ಮತ್ತೊಂದರ ಕೋಷ್ಟಕದಿಂದ ವಲಯ ಓದಿದರೆ ಫಲಿತಾಂಶಕ್ಕೆ ಅರ್ಥವೇ ಇರುವುದಿಲ್ಲ.

ಕನಿಷ್ಠ ತಡೆ ಸಾಂದ್ರತೆಯನ್ನು, ಅಂದರೆ ಎಂಐಸಿಯನ್ನು, ದ್ರವ ಮಾಧ್ಯಮದಲ್ಲಿ ಅಳೆಯುವುದು ಇನ್ನೂ ಉತ್ತಮ. ಕೊಲಿಸ್ಟಿನ್ ವಿಷಯದಲ್ಲಂತೂ ಇದು ಅನಿವಾರ್ಯ: ಆ ಔಷಧದ ಅಣು ದೊಡ್ಡದಾಗಿ ಅಗರ್‌ನಲ್ಲಿ ಸರಿಯಾಗಿ ಹರಡುವುದಿಲ್ಲವಾದ್ದರಿಂದ ಡಿಸ್ಕ್‌ನ ವಲಯವನ್ನು ಯಾರೂ ನಂಬಬಾರದು.

ಎಂಐಸಿಯನ್ನು ಓದುವಾಗ ಎರಡು ಬಗೆಯ ಗಡಿಗಳನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು. ಚಿಕಿತ್ಸೆ ಫಲಿಸುವುದೇ ಎಂಬುದನ್ನು ಸೂಚಿಸುವುದು ಚಿಕಿತ್ಸಾ ಗಡಿ. ಯಾವ ಪ್ರತಿರೋಧವನ್ನೂ ಪಡೆಯದ ಸಹಜ ತಳಿಗಳ ಗುಂಪು ಎಲ್ಲಿ ಮುಗಿಯುತ್ತದೆ ಎಂಬುದನ್ನು ಸೂಚಿಸುವುದು ಸಾಂಕ್ರಾಮಿಕಶಾಸ್ತ್ರದ ಗಡಿ. ಜೀನ್ ಹುಡುಕುವವರಿಗೆ ಬೇಕಾದದ್ದು ಎರಡನೆಯದು. ಸಿಪ್ರೋಫ್ಲಾಕ್ಸಾಸಿನ್‌ಗೆ ಇ. ಕೋಲೈನ ಸಾಂಕ್ರಾಮಿಕ ಗಡಿ ಲೀಟರಿಗೆ ಸುಮಾರು 0.06 ಮಿಲಿಗ್ರಾಂ, ಎಂಐಸಿ 0.25 ಇರುವ ಪ್ರತ್ಯೇಕವನ್ನು ಯುಕಾಸ್ಟ್‌ನ ಚಿಕಿತ್ಸಾ ಗಡಿ ಸಂವೇದಿಯೆಂದು ಕರೆದರೂ, ಅದರೊಳಗೆ ಒಂದು ಪ್ರತಿರೋಧ ಜೀನ್ ಅಥವಾ ಉತ್ಪರಿವರ್ತನೆ ಈಗಾಗಲೇ ಕುಳಿತಿರುವ ಸಾಧ್ಯತೆ ಹೆಚ್ಚು.

ಇದೇ ಉದಾಹರಣೆಯನ್ನು ಇನ್ನಷ್ಟು ಹತ್ತಿರದಿಂದ ನೋಡಬಹುದು. ಸಿಪ್ರೋಫ್ಲಾಕ್ಸಾಸಿನ್ ಜೊತೆಗೆ ಅದರ ಬಳಗದ ಹಳೆಯ ಔಷಧವಾದ ನಾಲಿಡಿಕ್ಸಿಕ್ ಆಮ್ಲವನ್ನೂ ಪರೀಕ್ಷಿಸಿದ್ದರೆ, ಜೀನೋಮ್ ಓದುವ ಮೊದಲೇ ಕಾರಣವನ್ನು ಊಹಿಸಲು ಸಾಧ್ಯ. ಈ ಔಷಧಗಳ ಗುರಿಯಾದ ಕಿಣ್ವಕ್ಕೆ ಸಂಬಂಧಿಸಿದ ಜೈರ್-ಎ ಜೀನ್‌ನ 83ನೇ ಸ್ಥಾನದಲ್ಲಿ ಸೆರೀನ್ ಬದಲಾಗಿ ಲ್ಯೂಸೀನ್ ಬಂದಿದ್ದರೆ ನಾಲಿಡಿಕ್ಸಿಕ್ ಆಮ್ಲದ ಎಂಐಸಿ ಬಹಳ ಮೇಲೇರಿರುತ್ತದೆ. ಪ್ಲಾಸ್ಮಿಡ್ ಮೂಲಕ ಬಂದ ಕ್ಯುಎನ್‌ಆರ್ ಜೀನ್ ಮಾತ್ರವಿದ್ದರೆ ಸಿಪ್ರೋಫ್ಲಾಕ್ಸಾಸಿನ್ ಎಂಐಸಿ ಏರಿದ್ದರೂ ನಾಲಿಡಿಕ್ಸಿಕ್ ಆಮ್ಲದ್ದು ಸಂವೇದಿ ಮಟ್ಟದಲ್ಲೋ ಅದಕ್ಕೆ ಸಮೀಪದಲ್ಲೋ ಉಳಿಯುತ್ತದೆ. ಸೆಫಲೋಸ್ಪೋರಿನ್‌ಗಳಲ್ಲೂ ಇಂತಹ ಸುಳಿವುಗಳಿವೆ: ಔಷಧ ಒಡೆಯುವ ಕೆಲವು ಕಿಣ್ವಗಳನ್ನು ತಡೆಯುವ ಕ್ಲಾವುಲಾನಿಕ್ ಆಮ್ಲ ಸೇರಿಸಿದಾಗ ಸೆಫಟಾಕ್ಸಿಮ್ ವಲಯ 5 ಮಿಲಿಮೀಟರ್ ಅಥವಾ ಹೆಚ್ಚು ಹಿಗ್ಗಿ, ಸೆಫಾಕ್ಸಿಟಿನ್‌ಗೆ ಬ್ಯಾಕ್ಟೀರಿಯಾ ಸಂವೇದಿಯಾಗಿದ್ದರೆ ಸೆಫಲೋಸ್ಪೋರಿನ್‌ಗಳನ್ನು ಒಡೆಯುವ ಸಿಟಿಎಕ್ಸ್-ಎಂ ಗುಂಪಿನ ಕಿಣ್ವವನ್ನು ಶಂಕಿಸಬೇಕು, ವಲಯ ಹಿಗ್ಗದೆ ಸೆಫಾಕ್ಸಿಟಿನ್‌ಗೂ ಪ್ರತಿರೋಧವಿದ್ದರೆ ಸಿಎಂವೈ-2ರಂತಹ ಆಂಪ್-ಸಿ ಕಿಣ್ವವನ್ನು ಶಂಕಿಸಬೇಕು. ಇಂತಹ ಊಹೆಯನ್ನು ಮುಂಚಿತವಾಗಿ ದಾಖಲಿಸಿಟ್ಟುಕೊಂಡು ಜೀನೋಮ್‌ನ ಫಲಿತಾಂಶದೊಡನೆ ಹೋಲಿಸುವುದು ಅತ್ಯುತ್ತಮ ಅಭ್ಯಾಸ.

ಯಾವ ಜೀನ್‌ಗಳನ್ನು ನಿರೀಕ್ಷಿಸಬೇಕು

ಬ್ಯಾಕ್ಟೀರಿಯಾ ಔಷಧದಿಂದ ಪಾರಾಗುವ ದಾರಿಗಳು ಹೆಚ್ಚಿಲ್ಲ. ಔಷಧವನ್ನು ಒಡೆಯಬಹುದು ಅಥವಾ ಮಾರ್ಪಡಿಸಬಹುದು, ಹೊರಗೆ ಪಂಪ್ ಮಾಡಬಹುದು, ಔಷಧ ಅಂಟುವ ಗುರಿಯನ್ನು ಬದಲಿಸಬಹುದು ಇಲ್ಲವೇ ಮರೆಮಾಡಬಹುದು, ಗುರಿಗೆ ಬದಲಿಯಾಗಿ ಔಷಧಕ್ಕೆ ಬಗ್ಗದ ಇನ್ನೊಂದನ್ನು ತಯಾರಿಸಿಕೊಳ್ಳಬಹುದು, ಔಷಧ ಒಳಬರುವ ದಾರಿಯನ್ನು ಕಿರಿದಾಗಿಸಬಹುದು. ಪಟ್ಟಿಯಲ್ಲಿ ಕಾಣುವ ನೂರಾರು ಹೆಸರುಗಳೆಲ್ಲ ಇವುಗಳಲ್ಲಿ ಒಂದರ ಅಡಿಗೆ ಬರುತ್ತವೆ.

ಜಾನುವಾರುಗಳ ಇ. ಕೋಲೈನಲ್ಲಿ ಅತಿ ಸಾಮಾನ್ಯವಾದದ್ದು ಟೆಟ್ರಾಸೈಕ್ಲಿನ್ ಪ್ರತಿರೋಧ. ಟೆಟ್-ಎ ಮತ್ತು ಟೆಟ್-ಬಿ ಜೀನ್‌ಗಳು ಔಷಧವನ್ನು ಹೊರದೂಡುವ ಪಂಪ್ ಪ್ರೋಟೀನ್‌ಗಳನ್ನು ಕೊಡುತ್ತವೆ; ಟೆಟ್-ಎಂ ರೈಬೋಸೋಮ್‌ಗೆ ರಕ್ಷಣೆ ಕೊಡುತ್ತದೆ. ಸಲ್ಫಾ ಔಷಧಗಳಿಗೆ ಸುಲ್-1, ಸುಲ್-2, ಸುಲ್-3 ಮತ್ತು ಟ್ರೈಮೆಥೋಪ್ರಿಮ್‌ಗೆ ಡಿಎಫ್‌ಆರ್-ಎ ಜೀನ್‌ಗಳು ಔಷಧಕ್ಕೆ ಬಗ್ಗದ ಬದಲಿ ಕಿಣ್ವಗಳನ್ನು ತಯಾರಿಸುತ್ತವೆ. ಆಂಪಿಸಿಲಿನ್‌ಗೆ ಟಿಇಎಂ-1, ಸ್ಟ್ರೆಪ್ಟೊಮೈಸಿನ್‌ಗೆ ಎಎಡಿ-ಎ ಅಥವಾ ಜೋಡಿಯಾಗಿ ಬರುವ ಎಸ್‌ಟಿಆರ್-ಎ ಮತ್ತು ಎಸ್‌ಟಿಆರ್-ಬಿ, ಫ್ಲಾರ್ಫೆನಿಕಾಲ್‌ಗೆ ಫ್ಲೋ-ಆರ್ ಎಂಬ ಪಂಪ್, ಇವು ಮತ್ತೆ ಮತ್ತೆ ಎದುರಾಗುತ್ತವೆ.

ಕೊಲಿಸ್ಟಿನ್‌ನ ಕಥೆಯನ್ನು ಈ ಕೆಲಸಕ್ಕಿಳಿಯುವ ಪ್ರತಿಯೊಬ್ಬರೂ ತಿಳಿದಿರಬೇಕು. ಈ ಔಷಧಕ್ಕೆ ಪ್ರತಿರೋಧ ವರ್ಣತಂತುವಿನ ಉತ್ಪರಿವರ್ತನೆಯಿಂದ ಮಾತ್ರ ಬರುತ್ತದೆ, ಆದ್ದರಿಂದ ಅದು ತಳಿಯಿಂದ ತಳಿಗೆ ಹಾರುವುದಿಲ್ಲ ಎಂದು ಬಹುಕಾಲ ನಂಬಲಾಗಿತ್ತು. 2015ರ ನವೆಂಬರ್‌ನಲ್ಲಿ ಚೀನಾದ ವಿಜ್ಞಾನಿಗಳು ಹಂದಿಯಿಂದ ಪಡೆದ ಇ. ಕೋಲೈನ ಪ್ಲಾಸ್ಮಿಡ್ ಒಂದರಲ್ಲಿ ಎಂಸಿಆರ್-1 ಜೀನನ್ನು ವರದಿ ಮಾಡಿದಾಗ ಆ ನಂಬಿಕೆ ಕುಸಿಯಿತು. ಈ ಜೀನ್ ತಯಾರಿಸುವ ಕಿಣ್ವ ಬ್ಯಾಕ್ಟೀರಿಯಾದ ಹೊರಪೊರೆಯ ಲಿಪಿಡ್-ಎ ಅಣುವಿಗೆ ಫಾಸ್ಫೊಎಥನೋಲಮೈನನ್ನು ಜೋಡಿಸಿ ಅದರ ಋಣ ವಿದ್ಯುದಾವೇಶವನ್ನು ತಗ್ಗಿಸುತ್ತದೆ. ಧನ ಆವೇಶದ ಕೊಲಿಸ್ಟಿನ್‌ಗೆ ಆಗ ಅಂಟಿಕೊಳ್ಳಲು ಹಿಡಿತ ಸಿಗುವುದಿಲ್ಲ. ವರದಿ ಬಂದ ಬಳಿಕ ಅನೇಕ ದೇಶಗಳ ಪ್ರಯೋಗಾಲಯಗಳು ಕಾಪಿಟ್ಟಿದ್ದ ಹಳೆಯ ತಳಿಗಳಲ್ಲೂ ಅದನ್ನು ಕಂಡುಕೊಂಡವು. ಚೀನಾ 2017ರಲ್ಲಿ ಬೆಳವಣಿಗೆಗಾಗಿ ಮೇವಿನಲ್ಲಿ ಕೊಲಿಸ್ಟಿನ್ ಬೆರೆಸುವುದನ್ನು ನಿಲ್ಲಿಸಿತು, ಭಾರತ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಅದರ ಬಳಕೆಯನ್ನು ನಿಷೇಧಿಸಿತು.

ಪಡೆದುಕೊಂಡ ಜೀನ್ ಇಲ್ಲದೆಯೂ ಪ್ರತಿರೋಧ ಬರುತ್ತದೆ. ಇ. ಕೋಲೈ ಫ್ಲೋರೋಕ್ವಿನೋಲೋನ್‌ಗಳಿಗೆ ಹೆಚ್ಚಿನ ಪ್ರತಿರೋಧವನ್ನು ಹಂತಹಂತವಾಗಿ, ಜೈರ್-ಎ ಮತ್ತು ಪಾರ್-ಸಿ ಜೀನ್‌ಗಳಲ್ಲಿ ಒಂದರ ಮೇಲೊಂದು ಉತ್ಪರಿವರ್ತನೆಗಳನ್ನು ಕೂಡಿಸಿಕೊಂಡು ಪಡೆಯುತ್ತದೆ. ಕ್ಯಾಂಪೈಲೋಬ್ಯಾಕ್ಟರ್‌ಗೆ ಪಾರ್-ಸಿ ಜೀನೇ ಇಲ್ಲ. ಜೈರ್-ಎಯ 86ನೇ ಸ್ಥಾನದಲ್ಲಿ ಥ್ರಿಯೋನೀನ್ ಹೋಗಿ ಐಸೋಲ್ಯೂಸೀನ್ ಬಂದರೆ ಆ ಒಂದೇ ಬದಲಾವಣೆ ಸಾಕು. ಕೋಳಿಗಳಿಗೆ ನೀರಿನಲ್ಲಿ ಎನ್ರೋಫ್ಲಾಕ್ಸಾಸಿನ್ ಕೊಟ್ಟಾಗ ಕ್ಯಾಂಪೈಲೋಬ್ಯಾಕ್ಟರ್‌ನಲ್ಲಿ ಪ್ರತಿರೋಧ ಅಷ್ಟು ಬೇಗ ಹಬ್ಬುವುದಕ್ಕೆ ಇದೇ ಕಾರಣ; ಅಮೆರಿಕ 2005ರಲ್ಲಿ ಕೋಳಿಗಳಲ್ಲಿ ಈ ಔಷಧದ ಅನುಮತಿಯನ್ನು ಹಿಂಪಡೆಯಿತು.

ಪಿಸಿಆರ್‌ನಿಂದ ಪೂರ್ಣ ಜೀನೋಮ್‌ವರೆಗೆ

ಹುಡುಕುವ ಜೀನ್ ಯಾವುದೆಂದು ಮೊದಲೇ ತಿಳಿದಿದ್ದರೆ, ಆ ಜೀನ್‌ನ ತುಣುಕನ್ನು ಹಲವು ಪಟ್ಟು ಹೆಚ್ಚಿಸಿ ತೋರಿಸುವ ಪಿಸಿಆರ್ ಅಗ್ಗದ ಮತ್ತು ವೇಗದ ದಾರಿ. ಒಂದೆರಡು ಕಾಲನಿಗಳನ್ನು 100 ಮೈಕ್ರೋಲೀಟರ್ ಶುದ್ಧ ನೀರಿನಲ್ಲಿ ಕಲಕಿ, 95 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಬಳಸಿದರೆ ಸಾಮಾನ್ಯ ಪಿಸಿಆರ್‌ಗೆ ಸಾಕಾಗುತ್ತದೆ. ಜೀನ್ ಇರುವುದು ಖಚಿತವಾದ ತಳಿ, ಜೀನ್ ಇಲ್ಲದ ತಳಿ, ಡಿಎನ್‌ಎ ಹಾಕದ ಖಾಲಿ ನಳಿಕೆ, ಈ ಮೂರು ನಿಯಂತ್ರಣಗಳು ಪ್ರತಿ ಸಲವೂ ಇರಬೇಕು. ಸಿಟಿಎಕ್ಸ್-ಎಂ ಗುಂಪಿಗೆ ಪಟ್ಟೆ ಕಂಡರೆ ಅಲ್ಲಿಗೇ ನಿಲ್ಲಬಾರದು; ಆ ತುಣುಕಿನ ಅನುಕ್ರಮ ಓದಿದ ಮೇಲೆಯೇ ಅದು ಸಿಟಿಎಕ್ಸ್-ಎಂ-1 ಅಥವಾ 15 ಅಥವಾ 55 ಎಂದು ಬರೆಯಬಹುದು.

ಪಿಸಿಆರ್‌ನ ಮಿತಿಯೆಂದರೆ ಕೇಳಿದ ಪ್ರಶ್ನೆಗೆ ಮಾತ್ರ ಅದು ಉತ್ತರ ಕೊಡುತ್ತದೆ. ಇಂಗ್ಲೆಂಡಿನ ಹಸುಗಳ ಹಾಲಿನಲ್ಲಿ ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಔರಿಯಸ್ ಸಿಕ್ಕರೂ, ಈ ಪ್ರತಿರೋಧವನ್ನು ಸಾಮಾನ್ಯವಾಗಿ ಕೊಡುವ ಮೆಕ್-ಎ ಜೀನ್‌ನ ಪರೀಕ್ಷೆಗಳು ಇಲ್ಲವೆಂದೇ ಹೇಳುತ್ತಿದ್ದವು. 2011ರಲ್ಲಿ ಪೂರ್ಣ ಜೀನೋಮ್ ಓದಿದಾಗ, ಮೆಕ್-ಎಗೆ ಸುಮಾರು ಶೇ. 70ರಷ್ಟು ಮಾತ್ರ ಹೋಲುವ, ಈಗ ಮೆಕ್-ಸಿ ಎಂದು ಕರೆಯುವ ಜೀನ್ ಹೊರಬಿತ್ತು. ಸಂವೇದನೆಯ ಪರೀಕ್ಷೆಯನ್ನು ನಂಬಿ ಪಿಸಿಆರನ್ನು ಪ್ರಶ್ನಿಸಿದ್ದರಿಂದಲೇ ಅದು ಸಾಧ್ಯವಾಯಿತು.

ಪೂರ್ಣ ಜೀನೋಮ್‌ಗೆ ಶುದ್ಧ ಡಿಎನ್‌ಎ ಬೇಕು. 260 ಮತ್ತು 280 ನ್ಯಾನೋಮೀಟರ್‌ಗಳಲ್ಲಿನ ಹೀರಿಕೆಯ ಅನುಪಾತ 1.8ರಿಂದ 2.0ರೊಳಗಿರಬೇಕು. ಇ. ಕೋಲೈನ ಜೀನೋಮ್ ಸುಮಾರು 50 ಲಕ್ಷ ಬೇಸ್‌ಗಳಷ್ಟಿರುವುದರಿಂದ 50 ಪಟ್ಟು ಆಳದ ಓದಿಗೆ, ಅಂದರೆ ಪ್ರತಿ ಬೇಸನ್ನು ಸರಾಸರಿ 50 ಬಾರಿ ಓದಲು, 25 ಕೋಟಿ ಬೇಸ್‌ಗಳ ದತ್ತಾಂಶ ಸಾಕು. ಇಲ್ಯುಮಿನಾದ ಕಿರು ಓದುಗಳನ್ನು ಫಾಸ್ಟ್‌ಪಿಯಂತಹ ಉಪಕರಣದಿಂದ ಶುಚಿಗೊಳಿಸಿ, ಸ್ಪೇಡ್ಸ್‌ನಿಂದ ಜೋಡಿಸಿ, ಕ್ವಾಸ್ಟ್‌ನಿಂದ ಗುಣಮಟ್ಟ ನೋಡಬೇಕು. ಜೋಡಣೆಯ ಒಟ್ಟು ಉದ್ದ 60 ಲಕ್ಷ ಬೇಸ್ ದಾಟಿದ್ದರೆ ಅಥವಾ ಜಿ ಮತ್ತು ಸಿ ಬೇಸ್‌ಗಳ ಪಾಲು ಶೇ. 50–51ರಿಂದ ದೂರವಿದ್ದರೆ, ಎರಡು ಜೀವಿಗಳು ಬೆರೆತಿವೆಯೆಂದು ಶಂಕಿಸಿ ತಟ್ಟೆಗೇ ಮರಳಬೇಕು. ಕಂಪ್ಯೂಟರಿನಲ್ಲಿ ಸರಿಪಡಿಸಲು ಹೋಗುವುದಕ್ಕಿಂತ ಮತ್ತೆ ಶುದ್ಧ ಕಾಲನಿ ಎತ್ತುವುದು ಯಾವಾಗಲೂ ಮೇಲು.

ಪ್ರತಿರೋಧದ ಜೀನ್‌ಗಳಿಗೆ ರೆಸ್‌ಫೈಂಡರ್, ಕಾರ್ಡ್ ಮತ್ತು ಎಎಂಆರ್‌ಫೈಂಡರ್‌ಪ್ಲಸ್ ಹೆಚ್ಚು ಬಳಕೆಯಲ್ಲಿವೆ. ಕಾರ್ಡ್ ದತ್ತಕೋಶ ಎಲ್ಲ ಇ. ಕೋಲೈಗಳಲ್ಲೂ ಸಹಜವಾಗಿರುವ ಪಂಪ್ ಜೀನ್‌ಗಳನ್ನೂ ಪಟ್ಟಿಮಾಡುವುದರಿಂದ, ಅದರ ಉದ್ದನೆಯ ಪಟ್ಟಿ ನೋಡಿ ಬ್ಯಾಕ್ಟೀರಿಯಾ ಎಲ್ಲ ಔಷಧಗಳಿಗೂ ಪ್ರತಿರೋಧಿಯೆಂದು ಬರೆಯಬಾರದು. ಉತ್ಪರಿವರ್ತನೆಗಳಿಗಾಗಿ ಪಾಯಿಂಟ್‌ಫೈಂಡರ್ ಚಲಾಯಿಸುವುದನ್ನು ಮರೆಯಬಾರದು. ದತ್ತಕೋಶದ ಆವೃತ್ತಿ, ದಿನಾಂಕ, ಹೋಲಿಕೆಯ ಕನಿಷ್ಠ ಮಿತಿ, ಇವನ್ನು ಫಲಿತಾಂಶದ ಕಡತದಲ್ಲೇ ಬರೆಯಬೇಕು. ಶೇ. 90 ಹೋಲಿಕೆ ಮತ್ತು ಶೇ. 60 ಉದ್ದದ ಮಿತಿಯಲ್ಲಿ ಅರೆಬರೆ ಜೀನ್‌ಗಳೂ ಪಟ್ಟಿಗೆ ಸೇರಬಹುದು. ನಡುವೆ ಮುರಿದ ಜೀನ್ ಪ್ರತಿರೋಧ ಕೊಡುವುದಿಲ್ಲ.

ಜೀನ್ ಎಲ್ಲಿ ಕುಳಿತಿದೆ

ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ತಿರುಳು ಇರುವುದು ಇಲ್ಲಿ. ಸಿಟಿಎಕ್ಸ್-ಎಂ-1 ವರ್ಣತಂತುವಿನಲ್ಲಿದ್ದರೆ ಅದು ಮುಖ್ಯವಾಗಿ ಆ ತಳಿಯ ಸಂತತಿಯೊಂದಿಗೆ ಹರಡುತ್ತದೆ; ಐಎನ್‌ಸಿ-ಐ1 ಎಂಬ ಗುಂಪಿನ ಪ್ಲಾಸ್ಮಿಡ್‌ನಲ್ಲಿದ್ದರೆ ಬೇರೆ ತಳಿಗೂ, ಸಾಲ್ಮೊನೆಲ್ಲಾದಂತಹ ಬೇರೆ ಕುಲಕ್ಕೂ ದಾಟಬಲ್ಲದು. ಆದರೆ ಕಿರು ಓದುಗಳ ಜೋಡಣೆ ಈ ಪ್ರಶ್ನೆಯ ಎದುರು ಹೆಚ್ಚಾಗಿ ಸೋಲುತ್ತದೆ. ಐಎಸ್26ರಂತಹ ಅಳವಡಿಕೆ ಅನುಕ್ರಮಗಳು, ಅಂದರೆ ಜಾಗ ಬದಲಿಸಬಲ್ಲ ಚಿಕ್ಕ ಡಿಎನ್‌ಎ ತುಣುಕುಗಳು, ಒಂದೇ ಜೀನೋಮ್‌ನಲ್ಲಿ ಹಲವೆಡೆ ಇರುತ್ತವೆ, ಮತ್ತು ಓದಿನ ಉದ್ದ ಆ ಪುನರಾವರ್ತನೆಗಿಂತ ಕಡಿಮೆಯಿರುವುದರಿಂದ ಜೋಡಣೆ ಸರಿಯಾಗಿ ಅಲ್ಲೇ ತುಂಡಾಗುತ್ತದೆ. ಪ್ರತಿರೋಧದ ಜೀನ್ ಒಂದು ಚಿಕ್ಕ ತುಣುಕಿನಲ್ಲಿ ಒಂಟಿಯಾಗಿ ಉಳಿದು, ಪ್ಲಾಸ್ಮಿಡ್‌ಫೈಂಡರ್ ಗುರುತಿಸಿದ ಪ್ಲಾಸ್ಮಿಡ್‌ನ ಮೂಲಬಿಂದು ಇನ್ನೊಂದು ತುಣುಕಿನಲ್ಲಿ ಇರುತ್ತದೆ. ಎರಡೂ ಒಂದೇ ಜೀನೋಮ್‌ನಲ್ಲಿವೆ ಎಂಬುದರಿಂದ ಒಂದರ ಮೇಲೆ ಮತ್ತೊಂದಿದೆ ಎಂಬ ತೀರ್ಮಾನಕ್ಕೆ ಬರಬಾರದು.

ಉದ್ದ ಓದುಗಳನ್ನು ಕೊಡುವ ನ್ಯಾನೋಪೋರ್ ಅಥವಾ ಪ್ಯಾಕ್‌ಬಯೋ ವಿಧಾನ ಇಲ್ಲಿ ನೆರವಾಗುತ್ತದೆ. ಫ್ಲೈ ಅಥವಾ ಯುನಿಸೈಕ್ಲರ್‌ನಿಂದ ಜೋಡಿಸಿದಾಗ ಪ್ಲಾಸ್ಮಿಡ್ ಪೂರ್ಣ ವೃತ್ತವಾಗಿ ಮುಚ್ಚಿಕೊಂಡರೆ ಸ್ಥಾನದ ಬಗ್ಗೆ ಸಂಶಯ ಉಳಿಯುವುದಿಲ್ಲ. ಒಂದು ಎಚ್ಚರಿಕೆ ಬೇಕು: ಉದ್ದ ಓದಿಗಾಗಿ ಡಿಎನ್‌ಎ ಸಿದ್ಧಪಡಿಸುವಾಗ 10 ಸಾವಿರ ಬೇಸ್‌ಗಿಂತ ಚಿಕ್ಕ ಪ್ಲಾಸ್ಮಿಡ್‌ಗಳು ಕಳೆದುಹೋಗಬಹುದು, ಮತ್ತು ಕ್ಯುಎನ್‌ಆರ್ ಜೀನ್ ಇಂತಹ ಚಿಕ್ಕ ಪ್ಲಾಸ್ಮಿಡ್‌ಗಳಲ್ಲೇ ಅಡಗಿರುವುದುಂಟು. ಆದ್ದರಿಂದ ಕಿರು ಓದುಗಳನ್ನೂ ಇಟ್ಟುಕೊಂಡು, ಎರಡನ್ನೂ ಸೇರಿಸಿ ಜೋಡಿಸುವುದು ಒಳ್ಳೆಯದು. ಉದ್ದ ಓದಿಗೆ ಅನುಕೂಲವಿಲ್ಲದವರು ತುಣುಕುಗಳ ಓದಿನ ಆಳವನ್ನು ಗಮನಿಸಬೇಕು: ವರ್ಣತಂತುವಿನ ತುಣುಕುಗಳಿಗಿಂತ ಹತ್ತು ಪಟ್ಟು ಆಳವಿರುವ ತುಣುಕು ಬಹುಪ್ರತಿಯ ಚಿಕ್ಕ ಪ್ಲಾಸ್ಮಿಡ್‌ನದಾಗಿರುವ ಸಂಭವ ಹೆಚ್ಚು.

ಸ್ಥಾನ ತಿಳಿದ ಮೇಲೆ ನೆರೆಹೊರೆಯನ್ನು ನೋಡಬೇಕು. ಸಿಟಿಎಕ್ಸ್-ಎಂ ಜೀನ್‌ನ ಮುಂಭಾಗದಲ್ಲಿ ಐಎಸ್‌ಇಸಿಪಿ1 ಎಂಬ ಅಳವಡಿಕೆ ಅನುಕ್ರಮ ಇದ್ದರೆ ಅದು ಜೀನನ್ನು ಸಾಗಿಸುವುದರ ಜೊತೆಗೆ ಅದಕ್ಕೆ ಪ್ರವರ್ತಕವನ್ನೂ (ಜೀನ್ ವ್ಯಕ್ತವಾಗಲು ಬೇಕಾದ ಡಿಎನ್‌ಎ ಭಾಗ) ಒದಗಿಸುತ್ತದೆ. ಜೀನ್‌ಗಳನ್ನು ಹಿಡಿದು ಸಾಲಾಗಿ ಜೋಡಿಸಿಕೊಳ್ಳುವ ಡಿಎನ್‌ಎ ಭಾಗವಾದ ಒಂದನೇ ವರ್ಗದ ಇಂಟೆಗ್ರಾನ್ ಅನ್ನು ಗುರುತಿಸಲು ಇಂಟ್-ಐ1 ಜೀನ್ ಮತ್ತು ಕೊನೆಯಲ್ಲಿರುವ ಸುಲ್-1 ಜೀನ್‌ಗಳನ್ನು ಹುಡುಕಬೇಕು. ಅವುಗಳ ನಡುವೆ ಡಿಎಫ್‌ಆರ್-ಎ ಮತ್ತು ಎಎಡಿ-ಎಗಳಂತಹ ಜೀನ್ ಕ್ಯಾಸೆಟ್‌ಗಳು ಸರದಲ್ಲಿ ಪೋಣಿಸಿದ ಮಣಿಗಳಂತೆ ಒಂದರ ಹಿಂದೊಂದು ನಿಂತಿರುತ್ತವೆ. ಇವಕ್ಕೆ ಸಾಮಾನ್ಯವಾಗಿ ಸ್ವಂತ ಪ್ರವರ್ತಕವಿರುವುದಿಲ್ಲ, ಇಂಟೆಗ್ರಾನ್‌ನ ಒಂದೇ ಪ್ರವರ್ತಕ ಎಲ್ಲವನ್ನೂ ನಡೆಸುತ್ತದೆ. ಹಾಗಾಗಿ ಸಾಲಿನ ಕೊನೆಯಲ್ಲಿರುವ ಕ್ಯಾಸೆಟ್ ಕ್ಷೀಣವಾಗಿ ವ್ಯಕ್ತವಾಗುವುದು ಸಹಜ. ಪ್ರತಿರೋಧದ ಜೀನ್ ಗುಚ್ಛ ವರ್ಣತಂತುವಿನಲ್ಲಿದ್ದರೂ ಅದು ಸ್ಥಿರವೆಂದು ತಿಳಿಯಬಾರದು. ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ ಡಿಟಿ104 ತಳಿಯಲ್ಲಿ ಐದು ಔಷಧ ವರ್ಗಗಳಿಗೆ ಪ್ರತಿರೋಧ ಕೊಡುವ ಜೀನೋಮ್ ದ್ವೀಪವನ್ನು ಐಎನ್‌ಸಿ-ಎ/ಸಿ ಪ್ಲಾಸ್ಮಿಡ್ ಮತ್ತೊಂದು ಕೋಶಕ್ಕೆ ಸಾಗಿಸಬಲ್ಲದು.

ವರ್ಗಾವಣೆಯ ಪ್ರಯೋಗ

ಪ್ಲಾಸ್ಮಿಡ್‌ನಲ್ಲಿ ವರ್ಗಾವಣೆಯ ಜೀನ್‌ಗಳು ಕಂಡವೆಂದರೆ ಅದು ದಾಟುತ್ತದೆಂದು ಸಾಬೀತಾದಂತಲ್ಲ. ಎರಡು ತಳಿಗಳನ್ನು ಬೆರೆಸಿ ಪ್ಲಾಸ್ಮಿಡ್ ದಾಟುವುದನ್ನು ನೋಡುವ ಸಂಯುಗ್ಮನ ಪ್ರಯೋಗ ಮಾಡಿಯೇ ತೋರಿಸಬೇಕು. ಸೋಡಿಯಂ ಅಜೈಡ್‌ಗೆ ಬಗ್ಗದ ಇ. ಕೋಲೈ ಜೆ53 ತಳಿಯನ್ನು ಸ್ವೀಕರಿಸುವ ತಳಿಯಾಗಿ ಬಳಸುವುದು ರೂಢಿ. ದಾನಿ ಮತ್ತು ಸ್ವೀಕರಿಸುವ ತಳಿಗಳನ್ನು ಬೆಳವಣಿಗೆಯ ಮಧ್ಯಹಂತದಲ್ಲಿ ಬೆರೆಸಿ, ಔಷಧವಿಲ್ಲದ ಅಗರ್‌ನ ಮೇಲೆ ಫಿಲ್ಟರ್‌ನಲ್ಲಿಟ್ಟು ಕೆಲವು ಗಂಟೆ ಬಿಡಬೇಕು. ಅನಂತರ ಲವಣದ್ರಾವಣದಲ್ಲಿ ತೊಳೆದು, ಹಂತಹಂತವಾಗಿ ತೆಳುವಾಗಿಸಿ, ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಅಜೈಡ್ ಮತ್ತು 2 ಮೈಕ್ರೋಗ್ರಾಂ ಸೆಫಟಾಕ್ಸಿಮ್ ಇರುವ ತಟ್ಟೆಯ ಮೇಲೆ ಹರಡಬೇಕು. ದಾನಿಯನ್ನು ಮಾತ್ರ ಮತ್ತು ಸ್ವೀಕರಿಸುವ ತಳಿಯನ್ನು ಮಾತ್ರ ಹರಡಿದ ತಟ್ಟೆಗಳು ಖಾಲಿಯಾಗಿ ಉಳಿದರೆ ಮಾತ್ರ ಮೂರನೆಯ ತಟ್ಟೆಯ ಕಾಲನಿಗಳಿಗೆ ಬೆಲೆ ಬರುತ್ತದೆ.

ಕಾಲನಿ ಬರಲಿಲ್ಲವೆಂದು ಪ್ಲಾಸ್ಮಿಡ್ ಚಲಿಸದು ಎಂದು ಬರೆಯುವ ಮೊದಲು ತಾಪವನ್ನು ಬದಲಿಸಿ ನೋಡಬೇಕು. ಎಂಸಿಆರ್-1 ಮತ್ತು ಸಿಟಿಎಕ್ಸ್-ಎಂ ಜೀನ್‌ಗಳನ್ನು ಹೊರುವ ಐಎನ್‌ಸಿ-ಎಚ್‌ಐ2 ಪ್ಲಾಸ್ಮಿಡ್‌ಗಳು 37 ಡಿಗ್ರಿಯಲ್ಲಿ ಬಹಳ ಕಡಿಮೆ ದಾಟುತ್ತವೆ. ಅವುಗಳಿಗೆ 22ರಿಂದ 30 ಡಿಗ್ರಿ ಹಿತ. ಪ್ರಾಣಿಯ ದೇಹದೊಳಗಿಗಿಂತ ಗೊಬ್ಬರದ ಗುಂಡಿಯಲ್ಲೋ ಚರಂಡಿ ನೀರಿನಲ್ಲೋ ಅವು ಹೆಚ್ಚು ಚುರುಕಾಗಿರಬಹುದೆಂಬ ಕಾರಣದಿಂದ ಈ ವಿವರ ಹೊಲಮನೆಯ ಮಟ್ಟದಲ್ಲೂ ಮಹತ್ವದ್ದು. ದಾಟಿದ ಕೋಶಗಳಲ್ಲಿ ಪಿಸಿಆರ್ ಮಾಡಿ ಜೀನ್ ಇರುವುದನ್ನು ಖಚಿತಪಡಿಸಿಕೊಂಡು, ಎಲ್ಲ ಔಷಧಗಳ ಸಂವೇದನೆಯನ್ನೂ ಮತ್ತೊಮ್ಮೆ ಪರೀಕ್ಷಿಸಬೇಕು: ಸೆಫಟಾಕ್ಸಿಮ್‌ನಿಂದ ಆರಿಸಿದ ಕೋಶ ಟೆಟ್ರಾಸೈಕ್ಲಿನ್ ಮತ್ತು ಸಲ್ಫಾ ಪ್ರತಿರೋಧವನ್ನೂ ಜೊತೆಗೆ ತಂದಿದ್ದರೆ ಅವೆಲ್ಲ ಬಹುಮಟ್ಟಿಗೆ ಒಂದೇ ಪ್ಲಾಸ್ಮಿಡ್‌ನಲ್ಲಿವೆ.

ಹಿಂದೆ ಕಾಣದ ಜೀನ್ ಎಂದು ಶಂಕೆಯಿದ್ದರೆ ಇಷ್ಟು ಸಾಲದು. ಅದನ್ನು ವಾಹಕವೊಂದಕ್ಕೆ ಸೇರಿಸಿ ಸಂವೇದಿ ತಳಿಯಲ್ಲಿಟ್ಟಾಗ ಎಂಐಸಿ ಏರಬೇಕು, ಮೂಲ ತಳಿಯಿಂದ ತೆಗೆದಾಗ ಇಳಿಯಬೇಕು, ಮರಳಿ ಕೊಟ್ಟಾಗ ಮತ್ತೆ ಏರಬೇಕು.

ಜೀನ್ ಮತ್ತು ಎಂಐಸಿ ಹೊಂದದಿದ್ದಾಗ

ಜೀನ್ ಇದ್ದು ಪ್ರತಿರೋಧ ಕಾಣದಿದ್ದರೆ ಪ್ರವರ್ತಕ ಕೆಟ್ಟಿರಬಹುದು, ಜೀನ್ ಮಧ್ಯದಲ್ಲಿ ತುಂಡಾಗಿರಬಹುದು, ಕ್ಯಾಸೆಟ್ ಸಾಲಿನಲ್ಲಿ ಬಹಳ ಹಿಂದಿರಬಹುದು, ಅಥವಾ ಔಷಧವಿಲ್ಲದ ಮಾಧ್ಯಮದಲ್ಲಿ ಹಲವು ಬಾರಿ ಬೆಳೆಸುವಾಗ ಪ್ಲಾಸ್ಮಿಡ್ ಉದುರಿಹೋದ ಕೋಶಗಳನ್ನು ಎಂಐಸಿಗೆ ಬಳಸಿರಬಹುದು. ಪ್ರತಿರೋಧವಿದ್ದು ಜೀನ್ ಸಿಗದಿದ್ದರೆ ಇನ್ನೂ ಆಸಕ್ತಿಯಿಂದ ನೋಡಬೇಕು. ಜಾನುವಾರುಗಳ ಇ. ಕೋಲೈನಲ್ಲಿ ಇದಕ್ಕೆ ಪರಿಚಿತ ಉದಾಹರಣೆಯೆಂದರೆ ಸೆಫಟಾಕ್ಸಿಮ್‌ಗೆ ಬಗ್ಗದಿದ್ದರೂ ಪಟ್ಟಿಯಲ್ಲಿ ಯಾವ ಸಿಟಿಎಕ್ಸ್-ಎಂ ಅಥವಾ ಸಿಎಂವೈ ಜೀನೂ ಇಲ್ಲದ ತಳಿ. ಎಲ್ಲ ಇ. ಕೋಲೈಗಳ ವರ್ಣತಂತುವಿನಲ್ಲೂ ಆಂಪ್-ಸಿ ಜೀನ್ ಇದೆ, ಆದರೆ ಅದು ಬಹುತೇಕ ಮೌನವಾಗಿರುತ್ತದೆ. ಅದರ ಪ್ರವರ್ತಕದಲ್ಲಿ ಋಣ 42ನೇ ಸ್ಥಾನದ ಸಿ ಬೇಸ್ ಟಿ ಆಗಿ ಬದಲಾದರೆ ಆ ಜೀನ್ ಜೋರಾಗಿ ವ್ಯಕ್ತವಾಗಿ ಸೆಫಲೋಸ್ಪೋರಿನ್‌ಗಳನ್ನು ಒಡೆಯುತ್ತದೆ. ಜೀನ್‌ಗಳ ಪಟ್ಟಿಯಲ್ಲಿ ಇದು ಕಾಣದು, ಪಾಯಿಂಟ್‌ಫೈಂಡರ್‌ನಲ್ಲಿ ಕಾಣುತ್ತದೆ. ಪಂಪ್‌ಗಳ ಅತಿ ವ್ಯಕ್ತತೆ ಮತ್ತು ಹೊರಪೊರೆಯ ರಂಧ್ರ ಪ್ರೋಟೀನ್‌ಗಳ ನಾಶವನ್ನು ಪರಿಶೀಲಿಸುವುದು ಆ ನಂತರದ ಹೆಜ್ಜೆ.

ಫಲಿತಾಂಶವನ್ನು ಕೊಟ್ಟಿಗೆಗೆ ಮರಳಿಸಿ ಓದುವುದು

ಆರಂಭದಲ್ಲಿ ಸಂಗ್ರಹಿಸಿದ ಔಷಧ ದಾಖಲೆಯನ್ನು ಈಗ ಪ್ಲಾಸ್ಮಿಡ್ ನಕ್ಷೆಯ ಪಕ್ಕದಲ್ಲಿಡಬೇಕು. ಅವೋಪಾರ್ಸಿನ್‌ನ ಉದಾಹರಣೆ ಇಲ್ಲಿ ತುಂಬ ಉಪಯುಕ್ತ. ವ್ಯಾಂಕೊಮೈಸಿನ್‌ಗೆ ಹತ್ತಿರದ ಈ ಔಷಧವನ್ನು ಬೆಳವಣಿಗೆಗಾಗಿ ಮೇವಿನಲ್ಲಿ ಬೆರೆಸುವುದನ್ನು ಡೆನ್ಮಾರ್ಕ್ 1995ರಲ್ಲಿ, ಐರೋಪ್ಯ ಒಕ್ಕೂಟ 1997ರಲ್ಲಿ ನಿಲ್ಲಿಸಿದವು. ಡೆನ್ಮಾರ್ಕಿನ ಕೋಳಿಗಳಲ್ಲಿ ವ್ಯಾಂಕೊಮೈಸಿನ್‌ಗೆ ಬಗ್ಗದ ಎಂಟರೋಕಾಕಸ್ ಬೇಗನೆ ಇಳಿಯಿತು, ಹಂದಿಗಳಲ್ಲಿ ಮಾತ್ರ ಇಳಿಯಲಿಲ್ಲ. ಹಂದಿಯ ತಳಿಗಳಲ್ಲಿ ವ್ಯಾನ್-ಎ ಜೀನ್ ಇದ್ದ ಪ್ಲಾಸ್ಮಿಡ್‌ನಲ್ಲೇ ಮ್ಯಾಕ್ರೋಲೈಡ್ ಪ್ರತಿರೋಧದ ಇಆರ್‌ಎಂ-ಬಿ ಜೀನ್ ಕೂಡ ಇತ್ತು, ಮತ್ತು ಹಂದಿಗಳಿಗೆ ಟೈಲೋಸಿನ್ ಎಂಬ ಮ್ಯಾಕ್ರೋಲೈಡ್ ಕೊಡುವುದು ಮುಂದುವರಿದಿತ್ತು. ಟೈಲೋಸಿನ್ ಬಳಕೆ ತಗ್ಗಿದ ಮೇಲೆಯೇ ವ್ಯಾಂಕೊಮೈಸಿನ್ ಪ್ರತಿರೋಧವೂ ತಗ್ಗಿತು. ಜೀನ್‌ನ ಹೆಸರು ಮಾತ್ರ ತಿಳಿದವರಿಗೆ ಈ ಒಗಟು ಬಿಡಿಸಲಾಗುತ್ತಿರಲಿಲ್ಲ. ಅದರ ನೆರೆಯಲ್ಲಿ ಯಾರಿದ್ದಾರೆಂದು ತಿಳಿದವರಿಗೆ ಬಿಡಿಸಲು ಸಾಧ್ಯವಾಯಿತು.

ನೆರೆಯಲ್ಲಿರುವುದು ಪ್ರತಿಜೀವಕದ ಜೀನೇ ಆಗಬೇಕೆಂದಿಲ್ಲ. ಹಂದಿಗಳಲ್ಲಿ ಕಾಣುವ ಮೆಥಿಸಿಲಿನ್ ಪ್ರತಿರೋಧಿ ಸ್ಟ್ಯಾಫಿಲೋಕಾಕಸ್‌ನ ಸಿಸಿ398 ಗುಂಪಿನಲ್ಲಿ, ಸತುವಿಗೆ ಪ್ರತಿರೋಧ ಕೊಡುವ ಸಿಜಡ್‌ಆರ್-ಸಿ ಜೀನ್ ಅನೇಕ ತಳಿಗಳಲ್ಲಿ ಮೆಕ್-ಎ ಇರುವ ಡಿಎನ್‌ಎ ದ್ವೀಪದೊಳಗೇ ಕುಳಿತಿದೆ. ಅಂತಹ ಕೊಟ್ಟಿಗೆಯಲ್ಲಿ ಪ್ರತಿಜೀವಕವನ್ನು ಪೂರ್ತಿ ನಿಲ್ಲಿಸಿದರೂ ಮರಿಗಳ ಮೇವಿನ ಸತುವಿನ ಆಕ್ಸೈಡ್ ಆ ತಳಿಯನ್ನು ಉಳಿಸಬಲ್ಲದು. ಐರೋಪ್ಯ ಒಕ್ಕೂಟ 2022ರಲ್ಲಿ ಚಿಕಿತ್ಸಾ ಪ್ರಮಾಣದ ಸತುವಿನ ಆಕ್ಸೈಡ್‌ನ ಬಳಕೆಯನ್ನು ಕೊನೆಗೊಳಿಸಿದ್ದಕ್ಕೆ ಪರಿಸರದಲ್ಲಿ ಸತು ಶೇಖರವಾಗುವುದರ ಜೊತೆಗೆ ಇಂತಹ ಜೊತೆ-ಆಯ್ಕೆಯ ಕಳವಳವೂ ಹಿನ್ನೆಲೆಯಲ್ಲಿತ್ತು. ಆದ್ದರಿಂದ ಜೀನೋಮ್‌ನಲ್ಲಿ ತಾಮ್ರ, ಸತು, ಪಾದರಸಗಳ ಪ್ರತಿರೋಧದ ಜೀನ್‌ಗಳನ್ನೂ ಹುಡುಕಿ ನಕ್ಷೆಯಲ್ಲಿ ಗುರುತಿಸಬೇಕು.

ಪ್ರಾಣಿಯಲ್ಲಿ ಕಂಡ ಜೀನ್ ಮನುಷ್ಯರಲ್ಲೂ ಕಂಡಾಗ, ಅದು ಪ್ರಾಣಿಯಿಂದಲೇ ಬಂತೆಂದು ಬರೆಯುವ ಆಸೆ ಹುಟ್ಟುತ್ತದೆ. ಜೀನ್ ಒಂದೇ ಆಗಿದ್ದು ಪ್ಲಾಸ್ಮಿಡ್ ಬೇರೆಯಿದ್ದರೆ ಆ ಮಾತಿಗೆ ಆಧಾರವಿಲ್ಲ. ಪ್ಲಾಸ್ಮಿಡ್ ಒಂದೇ ಆಗಿದ್ದು ತಳಿ ಬೇರೆಯಿದ್ದರೆ ಪ್ಲಾಸ್ಮಿಡ್ ದಾಟಿರಬಹುದು, ಆದರೆ ಎತ್ತಲಿಂದ ಎತ್ತ ಎಂಬುದು ತಿಳಿಯದು. ತಳಿಯ ತಿರುಳು ಜೀನೋಮ್‌ನಲ್ಲಿ (ಆ ಜಾತಿಯ ತಳಿಗಳಿಗೆಲ್ಲ ಸಮಾನವಾದ ಭಾಗ) ಕೆಲವೇ ಬೇಸ್‌ಗಳ ವ್ಯತ್ಯಾಸವಿದ್ದು, ಸ್ಥಳ ಮತ್ತು ಕಾಲದ ಸಂಬಂಧವೂ ಸ್ಪಷ್ಟವಾಗಿದ್ದರೆ ಇತ್ತೀಚಿನ ಹರಡುವಿಕೆಯ ಮಾತನ್ನು ಎಚ್ಚರದಿಂದ ಆಡಬಹುದು.

ಕೆಲಸ ಮುಗಿದ ಮೇಲೆ ಪ್ರತಿ ತಳಿಯನ್ನೂ ಶೇ. 20ರಷ್ಟು ಗ್ಲಿಸರಾಲ್‌ನಲ್ಲಿ ಸೇರಿಸಿ ಋಣ 80 ಡಿಗ್ರಿಯಲ್ಲಿ ಎರಡು ಪ್ರತ್ಯೇಕ ಕಪಾಟುಗಳಲ್ಲಿ ಕಾಪಿಡಬೇಕು. ಪ್ಲಾಸ್ಮಿಡ್ ಉದುರದಂತೆ, ಹೆಪ್ಪುಗಟ್ಟಿಸುವ ಮುನ್ನ ಅದನ್ನು ಔಷಧವಿರುವ ತಟ್ಟೆಯಿಂದಲೇ ಎತ್ತಬೇಕು. ಕಚ್ಚಾ ಓದುಗಳನ್ನು ಸಾರ್ವಜನಿಕ ದತ್ತಕೋಶಕ್ಕೆ ಸೇರಿಸುವಾಗ ಪ್ರಾಣಿಯ ಬಗೆ, ಮಾದರಿಯ ಬಗೆ, ಸಂಗ್ರಹದ ವರ್ಷ, ಆಯ್ಕೆಗೆ ಬಳಸಿದ ಮಾಧ್ಯಮ ಮತ್ತು ಅಳೆದ ಎಂಐಸಿಗಳನ್ನು ಜೊತೆಗೇ ದಾಖಲಿಸಬೇಕು. ಸಾಕಣೆದಾರರ ಗುರುತು ಮಾತ್ರ ಅದರಲ್ಲಿ ಎಲ್ಲಿಯೂ ಉಳಿಯಬಾರದು.